ಊರಿಗೆ ಊರು ಓದಿನ ಅಂಕಿ ಹೋಲ್ಸೂ ಅಮೆರಿಕದ ‘ಟುಡಾ’: ಹುಬ್ಬಳ್ಳ್ಯಾಗ ಕುಂತು ಬಳಸಿದ ಮ್ಯಾಲೆ ನನ್ನ ರಿವ್ಯೂ

ರೊಕ್ಕ ಇಲ್ಲ, ಲಾಗಿನ್ ಇಲ್ಲ, ಓಟಿಪಿ ಇಲ್ಲ, ನಡುವ ಜಾಹೀರಾತು ಬಂದು ತಲಿ ತಿನ್ನಂಗಿಲ್ಲ. ಬರೇ ಇದಕ್ಕನ ಅರ್ಧ ಸ್ಟಾರ್ ಹೆಚ್ಚಿಗಿ ಕೊಟ್ಟೀನಿ, ಅದನ್ನ ಮೊದ್ಲ ಹೇಳಿಬಿಡ್ತೀನಿ, ಆಮ್ಯಾಲೆ ಯಾರೂ ಕಮೆಂಟ್‌ನಾಗ ಬಂದು ಜಗಳಾ ತಗೀಬಾರ್ದು. ನಾ ರಿವ್ಯೂ ಮಾಡಾಕ ಹತ್ತಿದ್ದು ಅಮೆರಿಕ ಸರ್ಕಾರದ ‘ದಿ ನೇಷನ್ಸ್ ರಿಪೋರ್ಟ್ ಕಾರ್ಡ್’ ಅನ್ನೂದು, ಅದರೊಳಗೂ ದೊಡ್ಡ ದೊಡ್ಡ ಊರಿನ ಸಾಲಿ ಹುಡುಗ್ರು ಎಷ್ಟು ಚಲೋ ಓದ್ತಾರ ಅಂತ ಊರಿಗೆ ಊರು ಹಚ್ಚಿ ತೋರ್ಸೂ ಭಾಗ. ಅದಕ್ಕ ಅವರು ಟುಡಾ ಅಂತಾರ, ಪೂರ್ತಿ ಹೆಸರು ಟ್ರಯಲ್ ಅರ್ಬನ್ ಡಿಸ್ಟ್ರಿಕ್ಟ್ ಅಸೆಸ್‌ಮೆಂಟ್. 2002ರಾಗ ಟ್ರಯಲ್ ಅಂತ ಚಾಲೂ ಮಾಡಿದ್ದು, ಇಪ್ಪತ್ತು ವರ್ಷ ದಾಟಿದ್ರೂ ಹೆಸರಿನಾಗಿನ ಟ್ರಯಲ್ ಹೋಗಿಲ್ಲ, ನಮ್ಮಲ್ಲಿ ‘ತಾತ್ಕಾಲಿಕ’ ಅಂತ ಬೋರ್ಡ್ ಹಾಕಿದ ಆಫೀಸು ಅಲ್ಲೇ ಖಾಯಂ ಆಗಿ ಕುಂತಂಗ.

ಹುಬ್ಬಳ್ಳಿ ಮನಷ್ಯಾಗ ಇದು ಯಾಕ ಬೇಕಾತು ಅಂತೀರೇನು? ನಾ ಕೆಲಸಾ ಮಾಡೂದು ನಾಕನೇತ್ತ, ಐದನೇತ್ತ ಹುಡುಗ್ರಿಗೆ ಓದಾಕ ಕಲಸೂ ಒಂದು ಸಣ್ಣ ಸಂಸ್ಥೆದಾಗ, ಲೆಕ್ಕಪತ್ರ ಮತ್ತ ಡೇಟಾ ಎರಡೂ ನನ್ನ ಕೊಳ್ಳಿಗೆ ಬಿದ್ದಾವು. ರೊಕ್ಕ ಕೊಡಾವ್ರು ಪ್ರತಿ ಸಲ ಕೇಳೂ ಪ್ರಶ್ನೆ ಒಂದ, ‘ನಿಮ್ಮೂರು ಬ್ಯಾರೆ ದೊಡ್ಡ ಊರಿಗೆ ಹೋಲಿಸಿದ್ರ ಎಲ್ಲೈತಿ?’ ಈ ಪ್ರಶ್ನೆಕ್ಕ ಉತ್ತರಾ ಹೆಂಗ ಕಟ್ಟಬೇಕು ಅಂತ ಹುಡುಕೋತ ಹೋದಾಗ ಈ ಟುಡಾ ಸಿಕ್ತು. ನಮ್ಮ ಪರಿಚಯದ ಸಿಆರ್‌ಪಿ (ಒಂದಿಷ್ಟು ಸಾಲಿ ಕೂಡಿದ ಕ್ಲಸ್ಟರ್ ನೋಡ್ಕೊಳ್ಳೂ ಸಂಪನ್ಮೂಲ ವ್ಯಕ್ತಿ) ಒಬ್ರು ಸ್ಕ್ರೀನ್ ನೋಡಿ ‘ಏನ್ರೀ ಸರ, ಡೆಟ್ರಾಯ್ಟ್ ಹುಡುಗ್ರು ಓದಿದ್ರ ನಮಗೇನು, ಬಿಟ್ರ ನಮಗೇನು, ನಮ್ಮ ಕ್ಲಸ್ಟರ್ ಎಂಟ್ರೀನ ಇನ್ನೂ ಮುಗಿದಿಲ್ಲ’ ಅಂದ್ರು. ಅವರ ಮಾತೂ ಖರೇನ. ಆದ್ರ ನನಗ ಬೇಕಾಗಿದ್ದು ಡೆಟ್ರಾಯ್ಟ್ ಅಲ್ರೀ, ಹೋಲಿಸೂ ರೀತಿ.

ಮೊದ್ಲ ಒಂದು ಮಾತು. ಅಲ್ಲಿ ಡಿಸ್ಟ್ರಿಕ್ಟ್ ಅಂದ್ರ ನಮ್ಮ ಧಾರವಾಡ ಜಿಲ್ಲಾ ಇದ್ದಂಗಲ್ಲ. ಸಾಲಿ ನಡಸಾಕಂತನ ಬ್ಯಾರೆ ಇರೂ ಆಡಳಿತ ಅದು, ಹೆಚ್ಚಾಗಿ ತನ್ನದ ಒಂದು ಬೋರ್ಡು, ತನ್ನದ ಬಜೆಟ್ಟು, ಮ್ಯಾಲೊಬ್ಬ ಸುಪರಿಂಟೆಂಡೆಂಟು. ನಮ್ಮಲ್ಲಿ ಹುಬ್ಬಳ್ಳಿ ಶಹರಕ್ಕ ಒಬ್ರು ಬಿಇಒ, ಧಾರವಾಡ ಶಹರಕ್ಕ ಇನ್ನೊಬ್ರು, ಅವರ ಮ್ಯಾಲೆ ಡಿಡಿಪಿಐ, ಅದರ ಮ್ಯಾಲೆ ಧಾರವಾಡದಾಗಿನ ಅಪರ ಆಯುಕ್ತರ ಕಚೇರಿ, ಎಲ್ಲಾ ರಾಜ್ಯದ ಇಲಾಖೆನ. ಮಹಾನಗರ ಪಾಲಿಕೆ ವರ್ಷಾನುಗಟ್ಟಲೆ ಒಂದ ಆಗಿದ್ರೂ ಸಾಲಿ ಲೆಕ್ಕದಾಗ ಅವಳಿ ನಗರ ಎರಡು ಹೋಳಾಗೈತಿ. ಹಿಂಗಾಗಿ ‘ಹುಬ್ಬಳ್ಳಿ-ಧಾರವಾಡ ಊರಿನ ಹುಡುಗ್ರ ಓದು’ ಅಂತ ಒಂದ ಅಂಕಿ ಕೇಳಿದ್ರ ಕೊಡಾಕ ಯಾರ ಟೇಬಲ್ ಮ್ಯಾಲೂ ಇಲ್ಲ.

ಈಗ ಸರಕಿನ ವಿಚಾರಕ್ಕ ಬರೂಣು. ಇದರ ಹಿಂದಿರೂ ಪರೀಕ್ಷೆಕ್ಕ ನೇಪ್ ಅಂತ ಹೆಸರು. ಎರಡು ವರ್ಷಕ್ಕೊಮ್ಮೆ ನಾಕನೇತ್ತ ಮತ್ತ ಎಂಟನೇತ್ತ ಹುಡುಗ್ರಿಗೆ ಓದು ಮತ್ತ ಗಣಿತ. 2021ರಾಗ ಆಗಬೇಕಿದ್ದದ್ದು ಕೋವಿಡ್ ಸಲುವಾಗಿ 2022ಕ್ಕ ಹೋತು, ಆಮ್ಯಾಲೆ 2024ರಾಗ ಆತು, ಆ ರಿಸಲ್ಟು 2025ರ ಜನವರಿ ಕೊನೀಗೆ ಬಂತು. ಮೊದ್ಲ 2002ರಾಗ ಅಟ್ಲಾಂಟಾ, ಶಿಕಾಗೋ, ಹ್ಯೂಸ್ಟನ್, ಲಾಸ್ ಏಂಜಲೀಸ್, ನ್ಯೂಯಾರ್ಕ್ ಇಷ್ಟ ಇದ್ವು, ಜೊತಿಗೆ ರಾಜಧಾನಿ ವಾಷಿಂಗ್ಟನ್. ಆಮೇಲಾಮೇಲೆ ಒಂದೊಂದ ಸೇರಿ 2024ರಾಗ 26 ಆಗ್ಯಾವು. ಸೇರಬೇಕಂದ್ರ ಊರಿನ ಜನಸಂಖ್ಯಾ ಎರಡೂವರಿ ಲಕ್ಷಕ್ಕ ಕಮ್ಮಿ ಇರಬಾರ್ದು. ಆ ಲೆಕ್ಕ ಹಿಡಿದ್ರ 2011ರ ಜನಗಣತಿ ಪ್ರಕಾರ ಒಂಬತ್ತು ಲಕ್ಷಕ್ಕೂ ಮಿಕ್ಕಿ ಇರೂ ಹುಬ್ಬಳ್ಳಿ-ಧಾರವಾಡ ಆರಾಮಾಗಿ ಪಾಸು, ಗದಗ-ಬೆಟಗೇರಿ 1 ಲಕ್ಷ 72 ಸಾವಿರಕ್ಕ ನಿಂತು ಹೊರಗ, ಹಾವೇರಿಯಂತೂ ಕೇಳಬ್ಯಾಡ್ರಿ. (ಹಾವೇರಿ ಮಂದಿ ಸಿಟ್ಟಾಗಬ್ಯಾಡ್ರಿ, ನಿಮ್ಮಲ್ಲಿ ಮೆಣಸಿನಕಾಯಿ ಖಾರಾ ಐತಿ, ನಾವು ಒಪ್ಪೀವಿ, ಆದ್ರ ಬ್ಯಾಡಗಿದ್ದು ಬಣ್ಣ ಅಷ್ಟ.)

ಇದರಾಗ ನಂಗ ಭಾಳ ಇಷ್ಟ ಆಗಿದ್ದು ಒಂದು ಗುಣ, ಉಳಿದಿದ್ದೆಲ್ಲಾ ಆಮ್ಯಾಲೆ. ಎರಡು ಊರಿನ ಅಂಕಿ ಇಟ್ಟು ‘ಯಾರು ಮ್ಯಾಲೆ?’ ಅಂತ ಕೇಳಿದ್ರ, ಈ ಟೂಲು ಎಷ್ಟೋ ಸಲ ಮುಖಕ್ಕ ಹೊಡದಂಗ ‘ಇಬ್ರೊಳಗ ಗಣನೀಯ ವ್ಯತ್ಯಾಸಾನ ಇಲ್ಲ’ ಅಂತ ಹೇಳಿಬಿಡ್ತೈತಿ. 500ರ ಸ್ಕೇಲಿನಾಗ ಒಂದು ಊರಿಗೆ 211, ಇನ್ನೊಂದಕ್ಕ 209 ಅಂತ ತಿಳ್ಕೋರಿ, ನಮ್ಮ ಪೇಪರಿನಾಗಾದ್ರ ಮರುದಿನ ‘ಹಿಂದಿಕ್ಕಿದ’ ಅಂತ ದಪ್ಪ ಅಕ್ಷರ ಬರ್ತಿತ್ತು. ಇಲ್ಲಿ ಬರಂಗಿಲ್ಲ. ಯಾಕಂದ್ರ ಎಲ್ಲಾ ಹುಡುಗ್ರಿಗೂ ಪರೀಕ್ಷೆ ಕೊಡಂಗಿಲ್ಲ, ಊರಿಂದ ಸಾವಿರ, ಎರಡು ಸಾವಿರ ಹುಡುಗ್ರನ್ನ ಆರಿಸಿ ಕೊಡ್ತಾರ, ಆ ಹುಡುಗ್ರ ಬದ್ಲಿ ಬ್ಯಾರೆ ಹುಡುಗ್ರು ಬಂದಿದ್ರ ಅಂಕಿ ಒಂದೆರಡು ಆಕಡೆ ಈಕಡೆ ಆಗೂದ ಐತಿ, ಅದನ್ನ ಮುಚ್ಚಿಡದ ಪ್ರತಿ ಅಂಕಿ ಪಕ್ಕಕ್ಕನ ‘ಸ್ಟ್ಯಾಂಡರ್ಡ್ ಎರರ್’ ಅಂತ ತೋರ್ಸಾಕ ಆಪ್ಷನ್ ಇಟ್ಟಾರ. ಮ್ಯಾಪಿನಾಗೂ ಒಂದನೇ ನಂಬರ್, ಎರಡನೇ ನಂಬರ್ ಅಂತ ಏಣಿ ಹಾಕಂಗಿಲ್ಲ, ನೀವು ಒಂದು ಊರು ಆರಿಸಿದ್ರ ಅದಕ್ಕಿಂತ ಮ್ಯಾಲಿನವು ಒಂದು ಬಣ್ಣ, ಕೆಳಗಿನವು ಒಂದು ಬಣ್ಣ, ಫರಕ್ ಇಲ್ಲದವು ಮೂರನೇ ಬಣ್ಣ. ಬಾಳ ಸಲ ಆ ಮೂರನೇ ಬಣ್ಣದಾಗನ ದೊಡ್ಡ ಗುಂಪು ಇರ್ತೈತಿ. ಮೊದ್ಲ ನೋಡಿದಾಗ ಸಪ್ಪ ಅನಸ್ತೈತಿ, ಮಜಾ ಇಲ್ಲ ಅನಸ್ತೈತಿ, ಯಾಕಂದ್ರ ನಮಗ ರ‍್ಯಾಂಕ್ ಚಟ ಹತ್ತೇತಿ.

ಆ ಚಟದ ಬಗ್ಗೆ ಸ್ವಲ್ಪ ಬರೀಲೇಬೇಕು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಕಡೆ ಏನ ಮಾತಾಡ್ತಾರ? ಧಾರವಾಡ ಎಷ್ಟನೇದು, ಗದಗ ಎಷ್ಟನೇದು, ಹಾವೇರಿ ನಮ್ಮನ್ನ ದಾಟ್ತೋ ಇಲ್ಲೋ, ಅಷ್ಟ. ಪಾಯಿಂಟ್ ಎರಡು ಪರ್ಸೆಂಟ್ ಹೆಚ್ಚುಕಮ್ಮಿ ಆದ್ರ ಎರಡು ಮೂರು ಸ್ಥಾನ ಕೆಳಗ ಮ್ಯಾಲೆ, ಅದಕ್ಕ ಒಬ್ರಿಗೆ ಶಾಲು, ಒಬ್ರಿಗೆ ನೋಟಿಸ್. ಅಲ್ಲಿ ಎಲ್ಲಾ ಹುಡುಗ್ರೂ ಪರೀಕ್ಷೆ ಬರಿಯೂದ್ರಿಂದ ಸ್ಯಾಂಪಲ್ ತಕರಾರು ಇಲ್ಲ ಅನ್ರಿ, ಆದ್ರ ಅಳಿಯೂ ಕೋಲ ಬದಲಾದ್ರ? 2023ರಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89 ಪರ್ಸೆಂಟ್ ಇತ್ತು, 2024ರಾಗ ಪರೀಕ್ಷಾ ಕೋಣೆದಾಗ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ್ವು, ಗ್ರೇಸ್ ಮಾರ್ಕ್ಸ್ ಕೊಟ್ರೂ ಸೈತ 73.40ಕ್ಕ ಬಂದು ನಿಂತು. ಒಂದ ವರ್ಷದಾಗ ಹುಡುಗ್ರು ಅಷ್ಟು ದಡ್ಡರಾದ್ರೇನು? ಇಲ್ಲ. ಆದ್ರ ಎರಡೂ ವರ್ಷದ ಅಂಕಿ ಪಕ್ಕ ಪಕ್ಕ ಇಟ್ಟು ಜಿಲ್ಲಾಗೋಳ್ನ ಬೈಯೂದು ಮಾತ್ರ ನಿಲ್ಲಲಿಲ್ಲ. ನೇಪ್‌ನವ್ರು 2017ರಾಗ ಪೇಪರ್ ಬಿಟ್ಟು ಟ್ಯಾಬ್ಲೆಟ್‌ಗೆ ಹೋದಾಗ ಏನ ಮಾಡಿದ್ರು ಅಂದ್ರ, ಆ ವರ್ಷ ಒಂದಿಷ್ಟು ಹುಡುಗ್ರಿಗೆ ಪೇಪರಿನ ಮ್ಯಾಲೂ ಕೊಟ್ಟು, ಎರಡರ ಅಂಕಿ ತಾಳಿ ಹಚ್ಚಿ ನೋಡಿ, ಹಳೇ ವರ್ಷದ ಜೊತಿಗೆ ಹೋಲಿಸಾಕ ಬರೂವಂಗ ಕೂಡಿಸಿದ್ರು. ಈ ಕೆಲಸಾ ಯಾರ ಕಣ್ಣಿಗೂ ಬೀಳೂದಲ್ಲ, ಇದಕ್ಕ ಶಾಲೂ ಸಿಗಂಗಿಲ್ಲ, ಆದ್ರ ನನ್ನ ಎರಡು ಸ್ಟಾರ್ ಇದಕ್ಕ.

ಎರಡನೇ ಒಳ್ಳೇ ಗುಣ ‘ಲಾರ್ಜ್ ಸಿಟಿ’ ಅನ್ನೂ ಸಾಲು. ಊರನ್ನ ದೇಶದ ಸರಾಸರಿಗೆ ಹೋಲಿಸಿದ್ರ ದೊಡ್ಡ ಊರು ಹೆಚ್ಚಾಗಿ ಸೋಲೂದ, ಯಾಕಂದ್ರ ಅಲ್ಲಿ ಬಡವರ ಮಕ್ಕಳು ಹೆಚ್ಚು, ಮನಿಯೊಳಗ ಇಂಗ್ಲಿಷ್ ಬಿಟ್ಟು ಬ್ಯಾರೆ ಮಾತಾಡೂ ಮಕ್ಕಳು ಹೆಚ್ಚು. ಅದಕ್ಕ ಎರಡೂವರಿ ಲಕ್ಷಕ್ಕಿಂತ ದೊಡ್ಡ ಊರಿನ ಸರ್ಕಾರಿ ಸಾಲಿ ಎಲ್ಲಾ ಕೂಡಿಸಿ ಒಂದು ಸರಾಸರಿ ಮಾಡಿಟ್ಟಾರ. ಶಿಕಾಗೋವನ್ನ ಹಳ್ಳಿ-ಪಟ್ಟಣ ಎಲ್ಲಾ ಸೇರಿದ ದೇಶದ ಲೆಕ್ಕಕ್ಕ ಅಲ್ಲ, ತನ್ನ ಸರೀಕರ ಲೆಕ್ಕಕ್ಕ ಹಚ್ಚಿ ನೋಡಬಹುದು. 2022ರಾಗ ನಾಕನೇತ್ತ ಓದಿನಾಗ ಈ ದೊಡ್ಡ ಊರುಗಳ ಸರಾಸರಿ 209 ಇತ್ತು, ಕೋವಿಡ್ಡಿಗಿಂತ ಮೊದ್ಲ 2019ರಾಗ 212. ಅಂದ್ರ ಮೂರು ಇಳೀತು. ದೇಶದ ಸರ್ಕಾರಿ ಸಾಲಿ ಸರಾಸರಿನೂ ಅಷ್ಟ, 219ರಿಂದ 216, ಅದೂ ಮೂರು. ಇದನ್ನ ನೋಡಿದ್ಮ್ಯಾಲೆ ‘ದೊಡ್ಡ ಊರಿನ ಸಾಲಿ ಬಂದ್ ಬಾಳ ದಿನ ಇಟ್ರು, ಅದಕ್ಕ ಅವರ ಹುಡುಗ್ರಷ್ಟ ಹಾಳಾದ್ರು’ ಅನ್ನೂ ಮಾತು ಓದಿನ ಮಟ್ಟಿಗೆ ಅಷ್ಟು ಸಲೀಸಾಗಿ ಹೇಳಾಕ ಬರಂಗಿಲ್ಲ.

ಸರಾಸರಿ ಒಳಗ ಇಳಿದು ಊರೂರ ನೋಡಿದ್ರ ಕಥೀನ ಬ್ಯಾರೆ. ಅದ 2022ರಾಗ ಕ್ಲೀವ್‌ಲ್ಯಾಂಡ್‌ನ ನಾಕನೇತ್ತ ಓದು 16 ಅಂಕ ಬಿತ್ತು, ಎದಿ ಝಲ್ ಅನ್ನೂ ಬೀಳು ಅದು. ಅದ ಸುತ್ತಿನಾಗ ಲಾಸ್ ಏಂಜಲೀಸ್‌ನ ಎಂಟನೇತ್ತ ಓದು 9 ಅಂಕ ಏರ್ತು, ಆ ಕ್ಲಾಸಿನಾಗ ಏರಿದ ಊರು ಅದೊಂದ. ಎಲ್ಲಾರೂ ಬೀಳೂ ಹೊತ್ತಿನಾಗ ಒಂದು ಊರು ಏರಿದ್ರ ಏನ ಮಾಡ್ಬೇಕು? ಶಾಲು ಹೊಚ್ಚೂಕಿಂತ ಮೊದ್ಲ, ಪರೀಕ್ಷೆಕ್ಕ ಕುಂತವ್ರು ಯಾರು, ಬಿಟ್ಟವ್ರು ಯಾರು ಅಂತ ನೋಡ್ಬೇಕು. ಅದನ್ನೂ ಇಲ್ಲಿ ಇಟ್ಟಾರ, ಅಂಗವಿಕಲ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯೂ ಮಕ್ಕಳು, ಇವರೊಳಗ ಎಷ್ಟು ಮಂದಿನ್ನ ಊರು ಹೊರಗಿಟ್ಟೈತಿ ಅನ್ನೂದರ ಟೇಬಲ್ ಬ್ಯಾರೇನ ಸಿಗ್ತೈತಿ. ನಮ್ಮಲ್ಲಿ ಯಾವ ರಿಪೋರ್ಟ್ ಬಂದ್ರೂ ನಾ ಮೊದ್ಲ ಹುಡುಕೂದು ಈ ಟೇಬಲ್ಲು, ಸಿಗೂದು ಅಪರೂಪ. ಪರೀಕ್ಷೆ ದಿನ ‘ನೀ ನಾಳಿ ಬರಬ್ಯಾಡಪಾ’ ಅಂತ ಹೇಳಿಸ್ಕೊಂಡ ಹುಡುಗ ಎಲ್ಲಾ ಊರಾಗೂ ಇರ್ತಾನ.

ಟೂಲಿನ ಜೀವ ಇರೂದು ‘ನೇಪ್ ಡೇಟಾ ಎಕ್ಸ್‌ಪ್ಲೋರರ್’ ಒಳಗ. ವಿಷಯ ಆರಿಸ್ರಿ, ಕ್ಲಾಸ್ ಆರಿಸ್ರಿ, ಊರು ಆರಿಸ್ರಿ, ವರ್ಷ ಆರಿಸ್ರಿ, ಆಮ್ಯಾಲೆ ಯಾವ ಗುಂಪು ಬೇಕು, ಹುಡುಗ್ರೋ ಹುಡುಗ್ಯಾರೋ, ತಾಯಿ-ತಂದಿ ಓದಿದ್ದು, ಬಡತನ, ಮನ್ಯಾಗ ಪುಸ್ತಕ ಅದಾವೋ ಇಲ್ಲೋ, ಎಲ್ಲಾ ಆರಿಸಿ ರಿಪೋರ್ಟ್ ಒತ್ತಿದ್ರ ಟೇಬಲ್ ಬರ್ತೈತಿ, ಎಕ್ಸೆಲ್‌ಗೆ ಇಳಿಸ್ಕೋಬಹುದು. ಚಾರ್ಟೂ ಬರ್ತಾವು, ಅವು ನೋಡಾಕ ಅಷ್ಟಕ್ಕಷ್ಟ. ಸರಾಸರಿ ಒಂದ ನೋಡಿ ಬಿಡಬ್ಯಾಡ್ರಿ, ಪರ್ಸೆಂಟೈಲ್ ಅಂತ ಐತಿ, ಅಂದ್ರ ಹುಡುಗ್ರನ್ನ ಅಂಕಿ ಪ್ರಕಾರ ಕೆಳಗಿಂದ ಮ್ಯಾಲೆ ಸಾಲಾಗಿ ನಿಲ್ಲಿಸಿದ್ರ ನೂರರಾಗ ಎಷ್ಟನೇ ಜಾಗಾ ಅನ್ನೂದು, ಅದನ್ನ ಖಂಡಿತ ತೆಗೀರಿ: ಕೆಳಗಿನ 10ನೇದ್ದು, 25ನೇದ್ದು, ನಡುವಿಂದು, ಮ್ಯಾಲಿನ 90ನೇದ್ದು. ಕಳೆದ ಹತ್ತು ವರ್ಷದಾಗ ಅಮೆರಿಕದಾಗ ಆಗಿದ್ದು ಏನಂದ್ರ ಮ್ಯಾಲಿನ ಹುಡುಗ್ರು ಹೆಚ್ಚೂಕಡಿಮಿ ಇದ್ದಲ್ಲೇ ಇದ್ದಾರ, ಕೆಳಗಿನವ್ರು ಇಳಕೋತ ಹೋಗ್ಯಾರ, ಸರಾಸರಿ ನೋಡಿದ್ರ ಇದು ಅರ್ಧಮರ್ಧ ಕಾಣ್ತೈತಿ. 2024ರಾಗ ದೇಶದ ಓದಿನ ಸರಾಸರಿ ಎರಡೂ ಕ್ಲಾಸಿನಾಗ ಇನ್ನ ಎರಡು ಅಂಕ ಇಳೀತು, ಬಾಳಷ್ಟು ದೊಡ್ಡ ಊರೊಳಗ ಮಾತ್ರ 2022ಕ್ಕೂ 2024ಕ್ಕೂ ಗಣನೀಯ ಫರಕ್ ಇಲ್ಲ ಅಂತ ಬಂತು. ಆ ‘ಫರಕ್ ಇಲ್ಲ’ ಅನ್ನೂದನ್ನ ಖುಷಿ ಸುದ್ದಿ ಅನ್ಬೇಕೋ ದುಃಖದ್ದು ಅನ್ಬೇಕೋ ಅಂತ ನಾ ಹೇಳಾಕ ಹೋಗಂಗಿಲ್ಲ.

ಲೆವೆಲ್ ವಿಚಾರದಾಗ ಹುಷಾರ್ ಇರ್ರಿ. ಅಂಕಿ 0ಯಿಂದ 500ರ ತನಕ. ನಾಕನೇತ್ತಕ್ಕ 208 ಬೇಸಿಕ್, 238 ಪ್ರೊಫಿಷಿಯಂಟ್, 268 ಅಡ್ವಾನ್ಸ್ಡ್. 2024ರಾಗ ದೇಶದಾಗ 31 ಪರ್ಸೆಂಟ್ ಹುಡುಗ್ರು ಪ್ರೊಫಿಷಿಯಂಟ್ ಮುಟ್ಯಾರ, 40 ಪರ್ಸೆಂಟ್ ಬೇಸಿಕ್ಕೂ ಮುಟ್ಟಿಲ್ಲ. ಇದನ್ನ ಹಿಡ್ಕೊಂಡು ಅಲ್ಲಿನ ರಾಜಕಾರಣಿಗಳು ‘ಮೂರರಾಗ ಎರಡು ಪಾಲು ಹುಡುಗ್ರಿಗೆ ಓದಾಕ ಬರಂಗಿಲ್ಲ’ ಅಂತ ಭಾಷಣ ಬಿಗೀತಾರ, ಅದು ತಪ್ಪು, ಪ್ರೊಫಿಷಿಯಂಟ್ ಅನ್ನೂ ಗೆರೀನ ಬಾಳ ಎತ್ತರಕ್ಕ ಎಳದಾರ, ಆ ಕ್ಲಾಸಿನ ಮಟ್ಟ ಅಂತ ಅದಕ್ಕ ಅರ್ಥ ಇಲ್ಲ ಅಂತ ಅವರ ವೆಬ್‌ಸೈಟಿನಾಗನ ಬರದಾರ. ನಾಕನೇತ್ತ ಹುಡುಗಗ ಒಂದು ಕಥೀನೋ ಮಾಹಿತಿ ಪಾಠಾನೋ ಕೊಟ್ಟು, ಓದಿದ ಮ್ಯಾಲೆ ಟಿಕ್ ಹಚ್ಚೂ ಪ್ರಶ್ನೆ, ತನ್ನ ಮಾತಿನಾಗ ಬರಿಯೂ ಪ್ರಶ್ನೆ ಎರಡೂ ಕೇಳ್ತಾರ, ಎಲ್ಲಾ ಕೂಡಿ ಒಂದು ತಾಸು. ಹಳೇ ಪ್ರಶ್ನೆ ಕೆಲವು ಹೊರಗ ಬಿಟ್ಟಾರ, ಹುಡುಗ್ರು ಬರದ ಉತ್ತರ ಸೈತ ಇಟ್ಟಾರ, ಯಾವ ಉತ್ತರಕ್ಕ ಎಷ್ಟು ಮಾರ್ಕ್ಸ್, ಯಾಕ ಅಂತನೂ ಐತಿ. ನಮ್ಮ ಅಕ್ಕೋರಿಗೆ, ಮಾಸ್ತರಿಗೆ ನಾ ಮೊದ್ಲ ತೋರ್ಸಿದ್ದು ಇದನ್ನ. ಊರುಗಳ ಟೇಬಲ್ ನೋಡಿ ಆಕಳಿಸಿದವ್ರು ಇದನ್ನ ನೋಡಿ ಕುರ್ಚಿ ಮುಂದ ಎಳ್ಕೊಂಡ್ರು, ‘ಹೀಂಗ ಕೇಳಿದ್ರ ನಮ್ಮ ಆರನೇತ್ತ ಹುಡುಗ್ರೂ ಸುಮ್ನ ಕುಂದರ್ತಾರ್ರೀ’ ಅಂದ್ರು ಒಬ್ರು ಅಕ್ಕೋರು.

ಈಗ ಹೋಲಿಸೂದ್ರಾಗ ಕಾಲು ಜಾರೂ ಜಾಗಾ. ಫ್ಲೋರಿಡಾದ ಮಯಾಮಿ-ಡೇಡ್, ಹಿಲ್ಸ್‌ಬರೋ ನಾಕನೇತ್ತ ಓದಿನಾಗ ದೊಡ್ಡ ಊರುಗಳ ಸರಾಸರಿಗಿಂತ ಮ್ಯಾಲ ಇರ್ತಾವು, ನೋಡಿದ್ರ ಹೊಟ್ಟಿಕಿಚ್ಚು ಬರ್ತೈತಿ. ಆದ್ರ ಫ್ಲೋರಿಡಾದಾಗ 2002ರಿಂದ ಒಂದು ಕಾನೂನು ಐತಿ, ಮೂರನೇತ್ತದಾಗ ಓದಿನ ಪರೀಕ್ಷೆ ಪಾಸಾಗದವ್ರನ್ನ ಅಲ್ಲೇ ಕುಂದರಸ್ತಾರ, ಕೆಲವು ವಿನಾಯ್ತಿ ಬಿಟ್ಟು. ಅಂದ್ಮ್ಯಾಲೆ ನಾಕನೇತ್ತಕ್ಕ ಬಂದ ಹುಡುಗ್ರೊಳಗ ಒಂದಿಷ್ಟು ಮಂದಿ ವರ್ಷ ಹೆಚ್ಚಿಗಿ ಓದಿ ಬಂದವ್ರು, ಓದಾಕ ತ್ರಾಸ್ ಇರೂ ಒಂದಿಷ್ಟು ಮಂದಿ ಇನ್ನೂ ಹಿಂದಿನ ಕ್ಲಾಸಿನಾಗ. ಅದರ ಜೊತಿಗೆ ಅಲ್ಲಿ ಓದು ಕಲಿಸೂದಕ್ಕ ಮಾಸ್ತರರಿಗೆ ಟ್ರೇನಿಂಗು, ಕೋಚು ಅಂತ ಖರ್ಚೂ ಮಾಡ್ಯಾರ, ಹಿಂಗಾಗಿ ಯಾವುದರಿಂದ ಎಷ್ಟು ಏರ್ತು ಅಂತ ಈ ಟೂಲ್ ಹೇಳಂಗಿಲ್ಲ, ಹೇಳಾಕ ಬರೂದೂ ಇಲ್ಲ. ನಮ್ಮಲ್ಲಿ ಐದು, ಎಂಟು, ಒಂಬತ್ತನೇತ್ತ ಬೋರ್ಡ್ ಪರೀಕ್ಷೆ ಅಂತ ಕೋರ್ಟ್ ಮೆಟ್ಟಿಲು ಹತ್ತಿ ಇಳಿದ ಗದ್ದಲಾ ನೆನಪೈತಲ್ಲ, ಆಗ ‘ಫೇಲ್ ಮಾಡಿದ್ರ ಓದ್ತಾರ’ ಅಂತ ವಾದಾ ಮಾಡಾವ್ರು ಈ ಫ್ಲೋರಿಡಾ ಅಂಕಿ ಕೈಯಾಗ ಹಿಡೀದ ಇದ್ದಿದ್ದು ನಮ್ಮ ಪುಣ್ಯಾ.

ವಾಷಿಂಗ್ಟನ್ ಕಥಿನೂ ಅಂಥದ್ದ. 2003ರಿಂದ 2019ರ ತನಕ ರಾಜಧಾನಿ ಹುಡುಗ್ರ ಓದು ಬಾಳ ಮ್ಯಾಲ ಬಂತು, ಅದರ ಹಿಂದ ಸುಧಾರಣೆ ಐತಿ ಅಂತ ಕೆಲವ್ರು, ಆ ವರ್ಷದಾಗ ಊರಿಗೆ ಅನುಕೂಲಸ್ಥ ಮಂದಿ ಬಂದು ನೆಲೆ ಹೂಡಿದ್ರು, ಅದಕ್ಕ ಅಂತ ಕೆಲವ್ರು, ಎರಡೂ ಖರೆ ಇರಬಹುದು. ಇನ್ನೊಂದು ಗುದ್ದು: 2009ರಿಂದ ಅಲ್ಲಿನ ಡಿಸ್ಟ್ರಿಕ್ಟ್ ಲೆಕ್ಕದಾಗ ಚಾರ್ಟರ್ ಸಾಲಿ ಸೇರಂಗಿಲ್ಲ, ಅಂದ್ರ ಸರ್ಕಾರದ ರೊಕ್ಕದಾಗ ನಡೆದ್ರೂ ತಮ್ಮ ಆಡಳಿತ ತಾವ ಮಾಡೂ ಸಾಲಿ. ಹಿಂಗಾಗಿ 2007ರ ಅಂಕಿ, 2009ರ ಅಂಕಿ ಪಕ್ಕಕ್ಕಿಟ್ಟು ಗೆರೆ ಎಳಿಯೂಕ ಮೊದ್ಲ ಅಡಿಟಿಪ್ಪಣಿ ಓದ್ರಿ. ಈ ಟೂಲಿನ ಅಡಿಟಿಪ್ಪಣಿಯೊಳಗನ ಅರ್ಧ ಬುದ್ಧಿ ಐತಿ, ಆದ್ರ ಅಕ್ಷರ ಎಷ್ಟು ಸಣ್ಣು ಅಂದ್ರ ನನ್ನಂಥ ಚಷ್ಮಾದವ್ರಿಗೆ ಅನ್ಯಾಯ.

ಬಡತನದ ಅಳತಿ ಬಗ್ಗೆನೂ ಹೇಳ್ಬೇಕು, ಯಾಕಂದ್ರ ಇದು ನಮಗ ನೇರ ತಾಗ್ತೈತಿ. ವರ್ಷಾನುಗಟ್ಟಲೆ ಅವರು ಬಡ ಹುಡುಗ್ರನ್ನ ಗುರುತಿಸಿದ್ದು ಸಾಲ್ಯಾಗ ಪುಕ್ಕಟ ಇಲ್ಲಾ ಕಮ್ಮಿ ರೇಟಿನ ಊಟಾ ಯಾರಿಗೆ ಸಿಗ್ತೈತಿ ಅನ್ನೂದ್ರ ಮ್ಯಾಲೆ. ಆಮ್ಯಾಲೆ 2010ರ ಕಾನೂನಿನಿಂದ, ಬಡವರು ಹೆಚ್ಚಿರೂ ಸಾಲಿಗಳೊಳಗ ಎಲ್ಲಾರಿಗೂ ಪುಕ್ಕಟ ಊಟ ಕೊಡೂ ವ್ಯವಸ್ಥಾ ಬಂತು, 2014ರಿಂದ ದೇಶ ತುಂಬ. ಚಲೋ ಆತು, ಹುಡುಗ್ರು ಉಂಡ್ರು, ಆದ್ರ ದೊಡ್ಡ ಊರಿನಾಗ ಅಂಕಿ ಮಾತ್ರ ಹದಗೆಟ್ತು, ಎಲ್ಲಾರೂ ‘ಬಡವರು’ ಆಗಿಬಿಟ್ರು. ಅದಕ್ಕ 2024ರಾಗ ಊಟದ ಜೊತಿಗೆ ಬ್ಯಾರೆ ಸಂಗತಿನೂ ಕೂಡಿಸಿ ಹೊಸಾ ಸೂಚ್ಯಂಕ ತಂದಾರ. ನಮ್ಮ ಸರ್ಕಾರಿ ಸಾಲ್ಯಾಗ ಬಿಸಿಯೂಟ ಎಲ್ಲಾರಿಗೂ, ಅದರಿಂದ ಬಡತನ ಅಳ್ಯಾಕ ಸಾಧ್ಯಾನ ಇಲ್ಲ, ನಾವು ಪಡಿತರ ಕಾರ್ಡ್ ಕೇಳ್ತೀವಿ, ಅದರ ಹಣೇಬರಾ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನ ತಕರಾರು. ಸಾಲಿ ಹೆಸರು ಹಾಕಿ ಹುಡುಕಿದ್ರ ಏನೂ ಬರಂಗಿಲ್ಲ, ಹುಡುಗನ ಮಾರ್ಕ್ಸೂ ಬರಂಗಿಲ್ಲ, ಯಾಕಂದ್ರ ಒಬ್ಬ ಹುಡುಗ ಪ್ರಶ್ನೆಗಳೊಳಗ ಒಂದು ಪಾಲು ಅಷ್ಟ ಬರೀತಾನ, ಎಲ್ಲಾ ಹುಡುಗ್ರ ಉತ್ತರ ಕೂಡಿಸಿ ಊರಿನ ಅಂದಾಜು ಕಟ್ತಾರ. ಮುಖ್ಯಾಧ್ಯಾಪಕರಿಗೆ ನಾಳಿ ಮುಂಜಾನಿ ಕ್ಲಾಸಿನಾಗ ಏನ ಮಾಡ್ಬೇಕು ಅನ್ನೂದಕ್ಕ ಇದು ಶೂನ್ಯ. ಮೆನು ಒಳಗ ಮೆನು, ಹೊಸಬರು ಎರಡು ಸಲ ಸೋತು ಹೋಗ್ತಾರ, ಕಲಿಸೂ ವಿಡಿಯೋ ಅದಾವು, ಇಂಗ್ಲಿಷಿನಾಗ. ಮೊಬೈಲ್‌ನಾಗ ತೆಗದ್ರ ಟೇಬಲ್ ಅಡ್ಡಡ್ಡ ಜಗ್ಗಬೇಕು, ನಾ ವಿದ್ಯಾನಗರದಿಂದ ಧಾರವಾಡಕ್ಕ ಚಿಗರಿ ಬಸ್ಸಿನಾಗ ನಿಂತು ಹೋಗೂವಾಗ ತೆಗೆದು ನೋಡಿ ಬೈಕೊಂಡು ಬಂದ್ ಮಾಡೀನಿ. ಇದಕ್ಕಿಂತ ದೊಡ್ಡ ಚಿಂತಿ ಬ್ಯಾರೆ ಐತಿ. 2025ರ ಮಾರ್ಚ್‌ದಾಗ ಅಮೆರಿಕದ ಶಿಕ್ಷಣ ಇಲಾಖೆ ಸಾವಿರಕ್ಕೂ ಮಿಕ್ಕಿ ಮಂದಿನ್ನ ತೆಗದಾಗ, ಈ ಅಂಕಿ ಎಲ್ಲಾ ನೋಡ್ಕೊಳ್ಳೂ ಎನ್‌ಸಿಇಎಸ್ ಅನ್ನೂ ಕೇಂದ್ರದಾಗ ಬೆರಳೆಣಿಕಿ ಮಂದಿ ಉಳಿದ್ರು. ಇಂಥಾ ಕೆಲಸಾ ಕಾಂಟ್ರಾಕ್ಟ್ ಕಂಪನಿಗೋಳು ಮಾಡಿದ್ರೂ, ಸರಿ ಐತೋ ಇಲ್ಲೋ ಅಂತ ನೋಡೂ ಕಣ್ಣು ಸರ್ಕಾರದ್ದ ಇರ್ಬೇಕು. ಅದಕ್ಕ ಮುಂದಿನ ಸುತ್ತಿನ ಮ್ಯಾಲೆ ಈಗ ಸ್ಟಾರ್ ಕೊಡಾಕ ನಾ ತಯಾರಿಲ್ಲ.

ನಮ್ಮಲ್ಲಿ ಇದಕ್ಕ ಸರಿಸಾಟಿ ಏನೈತಿ ಅಂತ ಕೇಳಾವ್ರಿಗೆ. ಅಸರ್ ಅನ್ನೂ ಸರ್ವೆ ಐತಿ, ಪ್ರಥಮ್ ಅನ್ನೂ ಸ್ವಯಂಸೇವಾ ಸಂಸ್ಥೆದವ್ರು 2005ರಿಂದ ಮಾಡಾಕ ಹತ್ಯಾರ, ಮನಿ ಬಾಗಿಲಿಗೆ ಹೋಗಿ ಒಬ್ಬೊಬ್ಬ ಹುಡುಗನ ಮುಂದ ಹಾಳಿ ಹಿಡಿದು ಅಕ್ಷರ, ಶಬ್ದ, ಒಂದನೇತ್ತ ಮಟ್ಟದ ಪ್ಯಾರಾ, ಎರಡನೇತ್ತ ಮಟ್ಟದ ಕಥಿ, ಓದು ನೋಡೂಣು ಅಂತಾರ. ಸರಳ, ಖರೆ, ತಾಯಿಗೂ ತಿಳೀತೈತಿ. 2024ರ ಅಸರ್ ಪ್ರಕಾರ ದೇಶದ ಹಳ್ಳಿಯೊಳಗ ಸರ್ಕಾರಿ ಸಾಲಿ ಮೂರನೇತ್ತ ಹುಡುಗ್ರೊಳಗ ಎರಡನೇತ್ತ ಕಥಿ ಓದಾವ್ರು 23.4 ಪರ್ಸೆಂಟ್, ಐದನೇತ್ತದಾಗ 44.8. ಆದ್ರ ಗಮನ ಇಡ್ರಿ, ‘ಹಳ್ಳಿಯೊಳಗ’. ಅಸರ್ ಗ್ರಾಮೀಣ ಸರ್ವೆ. ಕುಂದಗೋಳ, ಕಲಘಟಗಿ, ನವಲಗುಂದ ಕಡೆ ಹಳ್ಳಿ ಹುಡುಗ ಅದರಾಗ ಬರಬಹುದು, ಹಳೇ ಹುಬ್ಬಳ್ಳಿ ಓಣಿ ಹುಡುಗ, ಸೆಟ್ಲಮೆಂಟ್ ಹುಡುಗ, ಗಬ್ಬೂರ ಕಡೆ ಕೂಲಿ ಮಾಡಾಕ ಬಂದವ್ರ ಹುಡುಗ ಬರಂಗಿಲ್ಲ. ಸರ್ಕಾರದ್ದು ಎನ್‌ಎಎಸ್ ಅನ್ನೂ ಸಾಲಿ ಹುಡುಗ್ರ ಕಲಿಕಾ ಸರ್ವೆ ಇತ್ತು, 2017, 2021ರಾಗ ಆತು, ಈಗ ಪರಖ್ ಅಂತ 2024ರ ಡಿಸೆಂಬರ್ 4ಕ್ಕ ಮೂರು, ಆರು, ಒಂಬತ್ತನೇತ್ತಕ್ಕ ಮಾಡ್ಯಾರ. ಅದರಾಗ ಜಿಲ್ಲಾ ಮಟ್ಟದ ಅಂಕಿ ಸಿಗ್ತೈತಿ, ಅದು ಚಲೋ, ಆದ್ರ ಧಾರವಾಡ ಜಿಲ್ಲಾ ಅಂದ್ರ ಹುಬ್ಬಳ್ಳಿ ಶಹರಾ ಮತ್ತ ಅಣ್ಣಿಗೇರಿ ಕಡೆ ಹಳ್ಳಿ ಎಲ್ಲಾ ಕಲಸಿದ್ದು, ಊರಿಗೆ ಊರು ಹೋಲಿಸಾಕ ಆಗಂಗಿಲ್ಲ. ಸಾಲ್ಯಾಗ ನಡದ ಪರೀಕ್ಷೆ, ಮನಿ ಬಾಗಿಲಾಗ ನಡದ ಪರೀಕ್ಷೆ ಎರಡರ ಅಂಕಿನೂ ಒಂದ ಅಲ್ಲ, ಎರಡನ್ನೂ ಒಂದ ಸ್ಲೈಡಿನಾಗ ಹಾಕಾವ್ರನ್ನ ನಾ ಬಾಳ ನೋಡೀನಿ.

ಟುಡಾನ ಇದ್ದಂಗ ನಮ್ಮೂರಿಗೆ ತಂದು ಕುಂದರಸಾಕ ಬರ್ತೈತೇನು? ನನಗ ಅನಸೂದು, ಪೂರ್ತಿ ಬರಂಗಿಲ್ಲ. ಅಲ್ಲಿ ಓದಿನ ಪರೀಕ್ಷೆ ಬರೇ ಇಂಗ್ಲಿಷಿನಾಗ. ಹುಬ್ಬಳ್ಳ್ಯಾಗ ಒಂದು ಓಣಿಯೊಳಗನ ಕನ್ನಡ ಸಾಲಿ, ಉರ್ದು ಸಾಲಿ, ಇಂಗ್ಲಿಷ್ ಮೀಡಿಯಂ, ಕೆಲವು ಕಡೆ ಮರಾಠಿನೂ. ಕನ್ನಡ ಕಾಗುಣಿತ, ಒತ್ತಕ್ಷರ ದಾಟಿದ ಹುಡುಗ ಎದುರಿಗೆ ಬಂದ ಶಬ್ದಾ ಉಚ್ಚಾರ ಮಾಡಿಬಿಡ್ತಾನ, ಅರ್ಥ ಆಗಿದ್ರೂ ಆಗದಿದ್ರೂ, ಇಂಗ್ಲಿಷ್ ಹುಡುಗಗ ಸ್ಪೆಲಿಂಗ ಕಾಟ ಕೊಡ್ತೈತಿ. ಇವರ ಓದನ್ನ ಒಂದ 500ರ ಸ್ಕೇಲಿನ ಮ್ಯಾಲೆ ಕುಂದರ್ಸಿ 209, 212 ಅನ್ನೂದು ನಂಗ ನಂಬಿಕಿ ಬರಂಗಿಲ್ಲ. ಒಂದೊಂದ ಮೀಡಿಯಂದಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಮೈಸೂರು ಅಂತ ನಾಕೈದು ಊರು ಹಿಡಿದು, ಅದ ಕಥಿ, ಅದ ಪ್ರಶ್ನೆ, ಹೊರಗಿನ ಮಂದಿ ಬಂದು ಪರೀಕ್ಷೆ ಮಾಡೂದು, ಬಿಟ್ಟವ್ರ ಲೆಕ್ಕ ಹೇಳೂದು, ‘ಫರಕ್ ಇಲ್ಲ’ ಅನ್ನಾಕ ಅಂಜದ ಇರೂದು, ಇಷ್ಟ ಆದ್ರ ಸಾಕು. ಇದಕ್ಕ ಅಮೆರಿಕದಷ್ಟು ರೊಕ್ಕ ಬೇಕಾಗಿಲ್ಲ, ಆದ್ರ ಕಡೀದ್ದು ಒಂದಕ್ಕ ಧೈರ್ಯಾ ಬೇಕು. ಅಲ್ಲಿನೂ ಇದನ್ನ ಯಾರೂ ಮ್ಯಾಲಿಂದ ಹೇರಿದ್ದಲ್ಲ, ದೊಡ್ಡ ಊರುಗಳ ಸಾಲಿ ಆಡಳಿತದವ್ರ ಸಂಘ, ಕೌನ್ಸಿಲ್ ಆಫ್ ದಿ ಗ್ರೇಟ್ ಸಿಟಿ ಸ್ಕೂಲ್ಸ್, ತಾವಾಗೇ ಮುಂದ ಬಂದು ‘ನಮ್ಮನ್ನೂ ಅಳೀರಿ’ ಅಂತ ಕೇಳ್ಕೊಂಡ್ರು. ಇದನ್ನ ಹೇಳಿದಾಗ ಸಿಆರ್‌ಪಿ ಸಾಹೇಬ್ರು ನಕ್ಕು ‘ನಮ್ಮಲ್ಲಿ ತಾವಾಗೇ ಅಳೀರಿ ಅನ್ನಾವ್ರು ಬಟ್ಟಿ ಅಂಗಡ್ಯಾವ್ರು ಅಷ್ಟ’ ಅಂದ್ರು.

ಸ್ಟಾರ್: ಐದಕ್ಕ ನಾಕು. ಡೇಟಾ ನಂಬಿಕಿಗೆ ಐದು, ಬಳಸಾಕ ಎರಡೂವರಿ, ನಮ್ಮ ಕ್ಲಾಸಿನ ಉಪಯೋಗಕ್ಕ ಎರಡು, ಪುಕ್ಕಟ ಅಂತ ಅರ್ಧ ಬೋನಸ್, ಕೂಡಿಸಿ ಭಾಗಿಸಿದ್ರ ನಾಕು ಬರಂಗಿಲ್ಲ ಅಂತ ಗೊತ್ತು, ನನ್ನ ರಿವ್ಯೂ, ನನ್ನ ಲೆಕ್ಕ. ಪತ್ರಕರ್ತರು, ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಮಂದಿ, ಎಂ.ಎಡ್ ಮಾಡಾವ್ರು, ನಮ್ಮಂಗ ಸಂಸ್ಥೆದಾಗ ವರದಿ ಬರಿಯಾವ್ರು ನೋಡಲೇಬೇಕು. ಬರೇ ಮಗನ್ನ ಯಾವ ಸಾಲಿಗೆ ಹಚ್ಚಲಿ ಅನ್ನಾವ್ರಿಗೆ ಇದರಿಂದ ಏನೂ ಸಿಗಂಗಿಲ್ಲ. ಶುರು ಮಾಡಾವ್ರು ಸೀದಾ ಡೇಟಾ ಎಕ್ಸ್‌ಪ್ಲೋರರ್‌ಗೆ ಹೋಗಬ್ಯಾಡ್ರಿ, ಮೊದ್ಲ ಡಿಸ್ಟ್ರಿಕ್ಟ್ ಪ್ರೊಫೈಲ್ ಪುಟದಾಗ ಯಾವುದಾದ್ರೂ ಒಂದು ಊರು, ನಾ ಅಂದ್ರ ಕ್ಲೀವ್‌ಲ್ಯಾಂಡ್ ಅಂತೀನಿ, ಅದನ್ನ ತೆಗೆದು 2019, 2022, 2024 ನೋಡ್ರಿ, ಆಮ್ಯಾಲೆ ಬಿಟ್ಟ ಹುಡುಗ್ರ ಟೇಬಲ್ಲು, ಆಮ್ಯಾಲೆ ಪರ್ಸೆಂಟೈಲು. ಲ್ಯಾಪ್‌ಟಾಪ್ ಮ್ಯಾಲೆ ನೋಡ್ರಿ. ಎಕ್ಸೆಲ್‌ಗೆ ಇಳಿಸೂ ಮುಂದ ಸ್ಟ್ಯಾಂಡರ್ಡ್ ಎರರ್ ಅನ್ನೂ ಡಬ್ಬಿಗೆ ಟಿಕ್ ಹಾಕೂದು ಮರೀಬ್ಯಾಡ್ರಿ, ಇಲ್ಲಾಂದ್ರ ಬರೇ ಅಂಕಿ ಇಳೀತೈತಿ, ಮತ್ತ ಅದ ಹಳೇ ರ‍್ಯಾಂಕಿನ ಜಗಳಾ.